ಬೆಕ್ಕಿನ ಹಾದಿಗೆ ಕನ್ನಡಿ ಪಾಲಿಶ್

ತೋಳಿನ ಬಲಕ್ಕೆ ಹೆಸರಾದ ವೀರರು ಎಲ್ಲ ಊರಿನಲ್ಲೂ ಇದ್ದಾರೆ. ಹೆಬ್ಬೆರಳಿಗೆ ಹೆಸರಾದ ವೀರ ಇದ್ದದ್ದು ನಮ್ಮ ಬೀದಿಯಲ್ಲಿ ಮಾತ್ರ.

ಅವನ ಬಲಗೈ ಹೆಬ್ಬೆರಳು ಮರ ಕಂಡಲ್ಲಿ ಸುಮ್ಮನಿರುತ್ತಿರಲಿಲ್ಲ. ಬ್ಯಾಂಕಿನ ಕೌಂಟರಾಗಲಿ, ಬಸ್ ನಿಲ್ದಾಣದ ಬೆಂಚಾಗಲಿ, ಹಲ್ಲಿನ ಡಾಕ್ಟರ ಬಾಗಿಲಾಗಲಿ, ಮೊದಲು ಹೆಬ್ಬೆರಳು ಬರುತ್ತಿತ್ತು, ಅದರ ಹಿಂದೆ ಅವನು ಬರುತ್ತಿದ್ದ. ಕಣ್ಣು ಮುಚ್ಚಿ ಒಮ್ಮೆ ಸವರಿದನೆಂದರೆ ಅದು ಯಾವ ಮರ, ಪಾಲಿಶ್ ಹೊಡೆದವನು ಯಾವ ಗುರುವಿನ ಶಿಷ್ಯ, ಹೊಟ್ಟೆ ಹಸಿದು ಅವಸರ ಮಾಡಿದ್ದು ಯಾವ ಮೂಲೆಯಲ್ಲಿ ಎಂಬುದೆಲ್ಲ ಅವನಿಗೆ ತಿಳಿದುಹೋಗುತ್ತಿತ್ತಂತೆ. ಒಮ್ಮೆ ಕೋರ್ಟಿನಲ್ಲಿ ಸಾಕ್ಷಿ ಹೇಳಲು ನಿಂತವನು ಕಟಕಟೆಯ ಅಂಚು ಸವರುತ್ತ ಮೈಮರೆತು, ನ್ಯಾಯಾಧೀಶರು ಕೇಳಿದ ಪ್ರಶ್ನೆಗೆ "ಪಾಲಿಶಿನ ಕೊನೇ ಕೋಟು ಬಿದ್ದಿಲ್ಲ ಸ್ವಾಮಿ" ಎಂದು ಉತ್ತರ ಕೊಟ್ಟನಂತೆ. ವಕೀಲರಿಬ್ಬರೂ ಅದು ತಮ್ಮ ಕಡೆಗೇ ಅನುಕೂಲವೆಂದು ವಾದಿಸಿದರಂತೆ. ಇನ್ನೊಮ್ಮೆ ಯಾರದೋ ಸಾವಿನ ಮನೆಯಲ್ಲಿ ಶವಪೆಟ್ಟಿಗೆಯನ್ನು ಅವನು ಅಷ್ಟು ಅಕ್ಕರೆಯಿಂದ ನೇವರಿಸಿದ್ದು ಕಂಡು, ಎಂಥ ಜೀವದ ಗೆಳೆಯನೋ ಎಂದು ಮನೆಯವರೆಲ್ಲ ಇನ್ನೊಂದು ಸುತ್ತು ಅತ್ತರಂತೆ. ಇವುಗಳಲ್ಲಿ ಅರ್ಧ ಸುಳ್ಳಿರಬಹುದು. ಯಾವ ಅರ್ಧ ಎಂದು ಕೇಳಿದರೆ ಅವನು ಮೇಜು ಸವರುತ್ತಾನೆ.

ಬೀದಿಯವರು ಅವನನ್ನು ಕರೆಯುತ್ತಿದ್ದುದು 'ಕನ್ನಡಿ' ಎಂದು. ಅವನು ಪಾಲಿಶ್ ಹೊಡೆದ ಮೇಜಿನಲ್ಲಿ ಮುಖ ನೋಡಿಕೊಂಡು ಗಡ್ಡ ಬೋಳಿಸಿಕೊಳ್ಳಬಹುದಾಗಿತ್ತು. ಸೈಕಲ್ ರಿಪೇರಿ ಅಂಗಡಿಗೂ ಬಡಗಿಯ ಅಂಗಡಿಗೂ ನಡುವೆ ಅವನದೊಂದು ಉದ್ದನೆಯ ಕತ್ತಲ ಕೋಣೆ. ಒಳಗೆ ಅರಗಿನ ವಾಸನೆ, ಸ್ಪಿರಿಟ್ಟಿನ ವಾಸನೆ, ಮತ್ತು ಧೂಳು ಬೀಳುತ್ತದೆಂದು ಯಾರಿಗೂ ಸೀನಲು ಬಿಡದ ಯಜಮಾನ. ಬಡಗಿ ಮಾಡಿಕೊಟ್ಟದ್ದಕ್ಕೆ ಇವನು ಹೊಳಪು ಕೊಡಬೇಕು, ಅದು ಇಬ್ಬರ ನಡುವಿನ ಹಳೆಯ ಒಪ್ಪಂದ. ಬೈಗುಳವೂ ಒಪ್ಪಂದದ ಭಾಗವೇ.

ಕೆಲಸ ಮುಗಿಯಿತೋ ಇಲ್ಲವೋ ಎಂದು ತಿಳಿಯಲು ಅವನದೊಂದು ಪರೀಕ್ಷೆಯಿತ್ತು. ಹಲಗೆಯ ಒಂದು ತುದಿಯಲ್ಲಿ ಖಾಲಿ ಬೆಂಕಿಪೊಟ್ಟಣ ಇಟ್ಟು, ಕೆನ್ನೆಯುಬ್ಬಿಸದೆ, ಮಗುವಿನ ಕಣ್ಣಿಗೆ ಊದಿದಷ್ಟು ಮೆಲ್ಲಗೆ ಒಮ್ಮೆ ಊದುವುದು. ಪೊಟ್ಟಣ ಜಾರಿ ಇನ್ನೊಂದು ತುದಿಯಿಂದ ಕೆಳಗೆ ಬಿದ್ದರೆ ಕೆಲಸ ಮುಗಿಯಿತು. ನಡುವೆ ನಿಂತರೆ ಮತ್ತೊಂದು ಕೋಟು. ಈ ಪರೀಕ್ಷೆಯಲ್ಲಿ ಪಾಸಾಗದ ಒಂದೇ ಒಂದು ಹಲಗೆಯೂ ಅವನ ಅಂಗಡಿಯ ಹೊಸಿಲು ದಾಟಿದ್ದಿಲ್ಲ. ಮದುವೆಯ ಮಾತು ಬಂದಾಗಲೆಲ್ಲ ಹೆಣ್ಣಿಗಿಂತ ಹೆಚ್ಚು ಹೊತ್ತು ಅವರ ಮನೆಯ ಬಾಗಿಲನ್ನೇ ನೋಡಿದ್ದರಿಂದ ಮದುವೆಯೂ ಆಗಲಿಲ್ಲ. ಇದ್ದವಳು ಒಬ್ಬ ಅಕ್ಕ. ತಾಯಿ ತೀರಿಕೊಂಡ ಮೇಲೆ ಇವನ ಮೂಗೊರೆಸಿ, ತಲೆ ಬಾಚಿ, ಮುದುಕ ಪಾಲಿಶ್ ಮೇಸ್ತ್ರಿಯೊಬ್ಬನ ಕೈಯಲ್ಲಿ ಕೆಲಸಕ್ಕೆ ಹಾಕಿದವಳು ಅವಳೇ. ಇವನು ಏನು ಹೇಳಿದರೂ ಅವಳಿಗೆ ಅದು ಶಿಲಾಶಾಸನ. "ನನ್ನ ತಮ್ಮ ಹೇಳಿದ್ದಾನೆ" ಎಂದರೆ ಆ ಮನೆಯಲ್ಲಿ ವಾದ ಮುಗಿಯಿತು.

ಅಕ್ಕನದು ದೊಡ್ಡ ಕಟ್ಟಡವೊಂದರ ಮೇಲಿನ ಮಹಡಿಯಲ್ಲಿ ಪುಟ್ಟ ಮನೆ. ಒಂದು ಕೋಣೆ, ಅಡುಗೆಮನೆ, ಒಬ್ಬರು ಹೊರಬರಬೇಕಾದರೆ ಇನ್ನೊಬ್ಬರು ಒಳಹೋಗಬೇಕಾದ ಬಾಲ್ಕನಿ. ಕಿಟಕಿಯ ಬಳಿ ಹೊಲಿಗೆ ಯಂತ್ರ. ಕೊಂಡು ತಂದ ಪ್ಯಾಂಟುಗಳನ್ನು ಉದ್ದ ಕತ್ತರಿಸಿ ಮಡಿಚಿ ಹೊಲಿದುಕೊಡುವುದು ಅವಳ ಕಸುಬು. ಮನುಷ್ಯರು ಎಷ್ಟು ಗಿಡ್ಡ ಎಂಬುದು ಅವಳಿಗೆ ಗೊತ್ತಿರುವಷ್ಟು ಬೇರೆಯವರಿಗೆ ಗೊತ್ತಿಲ್ಲ. ಮನೆಯಲ್ಲಿ ಮರದ್ದು ಎನ್ನುವಂಥದ್ದೆಲ್ಲ ತಮ್ಮನ ಕೈಯಲ್ಲಿ ಮಿಂಚಿತ್ತು. ಅಲ್ಲಿನ ಸ್ಟೂಲಿನ ಮೇಲೆ ಕೂತ ನೆಂಟರು ಕ್ಷೇಮಸಮಾಚಾರ ಮುಗಿಸುವ ಮೊದಲೇ ಒಂದು ಬದಿಗೆ ಸರಿದುಹೋಗಿರುತ್ತಿದ್ದರು.

ಅವಳ ಜೊತೆಗಿದ್ದದ್ದು ಒಂದು ಬೂದುಬಣ್ಣದ ಹೆಣ್ಣುಬೆಕ್ಕು. ನಡಿಗೆ ನೋಡಿ ಎಲ್ಲರೂ ದೊರೆಸಾನಿ ಎನ್ನುತ್ತಿದ್ದರು. ಮನೆಯೊಳಗೇ ಬೆಳೆದ ಬೆಕ್ಕು, ಹೊರಗಿನ ಮರ ಕಂಡದ್ದು ಕಿಟಕಿಯ ಕಂಬಿಯ ಸಂದಿನಿಂದ ಮಾತ್ರ. ಅಕ್ಕನೂ ಬೆಕ್ಕೂ ಇಬ್ಬರೇ ಇದ್ದಾಗ ಎಲ್ಲ ಸರಿಯಿತ್ತು. ಅಕ್ಕನ ಮಗಳು ಕೂಸನ್ನು ಎತ್ತಿಕೊಂಡು ತಾಯಿಯ ಬಳಿಗೆ ಬಂದಾಗ ರಾಜ್ಯದಲ್ಲಿ ಕ್ಷೋಭೆ ಶುರುವಾಯಿತು. ಮಗಳು ಆಸ್ಪತ್ರೆಯ ಔಷಧಿ ಕೌಂಟರಿನಲ್ಲಿ ಕೆಲಸ ಮಾಡುವವಳು. ಅಳಿಯನಿಗೆ ಹಡಗಿನಲ್ಲಿ ಕೆಲಸ, ಮನೆಗಿಂತ ನೀರಿನ ಮೇಲೇ ಹೆಚ್ಚು. ಇದ್ದೊಂದು ಖಾಲಿ ಮೂಲೆಗೆ ತೊಟ್ಟಿಲು ಬಂತು. ದೊರೆಸಾನಿ ತೊಟ್ಟಿಲನ್ನು ನೋಡಿತು. ಎತ್ತರ, ಮೆತ್ತಗೆ, ಬೆಚ್ಚಗೆ. ತನಗೆಂದೇ ತಂದದ್ದು ಎಂದು ತಿಳಿಯಲು ಅದಕ್ಕೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಒಳಗೊಂದು ಕೂಸು ಮಲಗಿದ್ದುದನ್ನು ದೊಡ್ಡ ಮನಸ್ಸಿನಿಂದ ಕ್ಷಮಿಸಿ ಪಕ್ಕದಲ್ಲೇ ಮಲಗಿತು.

ಮಗಳು ಕೂಗಾಡುವವಳಲ್ಲ. ಔಷಧಿ ಕೊಡುವವರ ದನಿಯಲ್ಲಿ ಹೇಳಿದಳು: "ಅಮ್ಮ, ನನ್ನ ರಜೆ ಮುಗಿಯೋದ್ರೊಳಗೆ ಇದು ತೊಟ್ಟಿಲು ಬಿಡಬೇಕು. ಆಮೇಲೆ ನೀನೊಬ್ಳೇ ಇರ್ತೀಯ. ಯಂತ್ರ ತುಳೀತಾ ಎರಡನ್ನೂ ನೋಡ್ಕೊಳ್ಳೋಕೆ ಆಗಲ್ಲ. ಬಿಡಲಿಲ್ವಾ, ಗಿರಣಿಯವ್ರಿಗೆ ಕೊಟ್ಬಿಡೋಣ. ಅವ್ರು ಕೇಳ್ತಾನೇ ಇದ್ದಾರೆ."

ಕೆಳಗಿನ ಹಿಟ್ಟಿನ ಗಿರಣಿಯಾಕೆಗೆ ಇಲಿಗಳ ಕಾಟ ಇದ್ದದ್ದು ನಿಜ. ಅಕ್ಕ ಬೆಕ್ಕನ್ನು ಬುಟ್ಟಿಯಲ್ಲಿ ಹೊತ್ತುಕೊಂಡು ಪಶುವೈದ್ಯೆಯ ಬಳಿಗೆ ಹೋದಳು. ಆಕೆ ಕೇಳಿದ್ದು ಒಂದೇ ಪ್ರಶ್ನೆ: "ನಿಮ್ಮನೇಲಿ ಇದಕ್ಕೆ ಹತ್ತೋಕೆ ಏನಿದೆ?" ಏನೂ ಇರಲಿಲ್ಲ. "ಬೆಕ್ಕಿಗೆ ಮನೆ ಅಂದ್ರೆ ನೆಲ ಅಲ್ಲಮ್ಮ, ಎತ್ತರ. ಗೋಡೆ ಮೇಲೆ ಹಲಗೆ ಹೊಡೆಸಿ, ಮೇಲಕ್ಕೆ ಹೋಗೋಕೆ ದಾರಿ ಮಾಡಿ. ಕೆಳಗಡೆ ಮಗು ಇರ್ಲಿ, ಮೇಲ್ಗಡೆ ಇದು ಇರುತ್ತೆ."

ಹಲಗೆ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಕನ್ನಡಿ ಎದ್ದು ನಿಂತ. ಅಕ್ಕನ ಕಣ್ಣೀರು ತಡೆಯುವ ಸಂದರ್ಭ, ಅದೂ ಮರದಿಂದ. ಇಂಥ ಯುದ್ಧ ಎಷ್ಟು ಜನರ ಪಾಲಿಗೆ ಬರುತ್ತದೆ? ಒಂದು ಇಡೀ ಭಾನುವಾರ ಅವನು ಅಕ್ಕನ ಮನೆಯಲ್ಲಿ ಕೂತು ಬೆಕ್ಕನ್ನೇ ನೋಡಿದ. ಅದು ಕುರ್ಚಿಯಿಂದ ಮೇಜಿಗೆ ಹಾರುವಾಗ ಮೈ ಎಷ್ಟು ಉದ್ದವಾಗುತ್ತದೆ, ತಿರುಗಲು ಎಷ್ಟು ಜಾಗ ಬೇಕು, ಎಲ್ಲವನ್ನೂ ದಾರದಲ್ಲಿ ಅಳೆದು ಗಂಟು ಹಾಕಿಕೊಂಡ. ಯೋಜನೆ ನಿಜಕ್ಕೂ ಚೆನ್ನಾಗಿತ್ತು, ಅದನ್ನು ಅಲ್ಲಗಳೆಯುವಂತಿಲ್ಲ. ಬೀರುವಿನ ಪಕ್ಕದಿಂದ ಒಂದರ ಮೇಲೊಂದು, ಎಡಕ್ಕೊಂದು ಬಲಕ್ಕೊಂದರಂತೆ ಹಲಗೆಗಳು. ಬೀರುವಿನ ತಲೆಯಿಂದ ಬಾಗಿಲ ಮೇಲೆ ಹಾದು ಕಿಟಕಿಯವರೆಗೆ ಉದ್ದನೆಯ ಪಟ್ಟಿ. ಮೂಲೆಯಲ್ಲಿ ಬೀದಿ ಕಾಣುವಂತೆ ಅಗಲವಾದ ಪೀಠ. ಅಲ್ಲಿಂದ ಹೊಲಿಗೆ ಯಂತ್ರದ ಕಡೆಗೆ ಇಳಿಯಲು ಬೇರೆಯೇ ದಾರಿ. ಸೂರಿನ ಕೆಳಗೆ ಯಾರೂ ಬಳಸದೆ ಬಿದ್ದಿದ್ದ ಜಾಗವೆಲ್ಲ ಒಂದು ಸೀಮೆಯಾಯಿತು.

ಬಡಗಿ ಹಲಗೆ ಕತ್ತರಿಸಿಕೊಟ್ಟು ಹೇಳಿದ: "ಅಂಚು ಉಜ್ಜಿ ಹಾಗೇ ಬಿಟ್ಬಿಡೋ. ಬೆಕ್ಕಿಗೆ ಉಗುರಿದೆ, ಕನ್ನಡಿ ಬೇಕಾಗಿಲ್ಲ."

"ನಮ್ಮಕ್ಕನ ಮನೆ ಗೋಡೆ ಮೇಲೆ ಬೆತ್ತಲೆ ಹಲಗೆನಾ? ನೋಡಿದವರು ನನ್ನ ಮುಖಕ್ಕೆ ಉಗೀತಾರೆ."

"ಉಗಿಯೋರು ಉಗೀಲಿ, ಹತ್ತೋರು ಹತ್ಲಿ."

"ನಿನಗೆ ಕತ್ತರಿಸೋದು ಗೊತ್ತು, ಅಷ್ಟೇ. ಸುಮ್ನಿರು."

ಎಂದಿನ ಕೋಟುಗಳು ಬಿದ್ದವು. ಅಕ್ಕನ ಮನೆಗೆಂದು ಮೇಲೊಂದು ಹೆಚ್ಚಿನ ಕೋಟು ಬಿತ್ತು. ಅದರ ಮೇಲೆ ಪ್ರೀತಿಯ ಕುರುಹಾಗಿ ಮೇಣ. ಬೆಂಕಿಪೊಟ್ಟಣವನ್ನು ಊದುವುದು ಹಾಗಿರಲಿ, ಎದುರು ಉಸಿರಾಡಿದರೂ ಅದು ಹಲಗೆ ಬಿಟ್ಟು ಓಡಿಹೋಗುತ್ತಿತ್ತು.

ಬಡಗಿ ಬಂದು ಗೋಡೆಗೆ ಕಬ್ಬಿಣದ ಬ್ರಾಕೆಟ್ಟು ಬಿಗಿದು ಹಲಗೆಗಳನ್ನು ಕೂರಿಸಿದ. ಕನ್ನಡಿ ಪ್ರತಿ ಹಲಗೆಯ ಮೇಲೂ ಹಳೆಯ ಬಟ್ಟೆ ಹೊದಿಸಿದ್ದ. ಅಕ್ಕ, ಮಗಳು, ಮಗಳ ಸೊಂಟದ ಮೇಲೆ ಕೂಸು, ಪಕ್ಕದ ಮನೆಯ ದಂಪತಿ, ಕೈಯೆಲ್ಲ ಹಿಟ್ಟಾಗಿದ್ದ ಗಿರಣಿಯಾಕೆ, ಎಲ್ಲರೂ ಕತ್ತೆತ್ತಿ ನಿಂತರು. ಅವನು ಒಂದೊಂದೇ ಬಟ್ಟೆ ಎಳೆದ. ಕಿಟಕಿಯ ಬೆಳಕೆಲ್ಲ ಗೋಡೆಗೆ ಬಂದು ಕೂತಿತು. "ಅಬ್ಬಾ, ಮನುಷ್ಯರಿಗೂ ಇಲ್ಲವಲ್ಲ ಇಂಥದ್ದು" ಎಂದರು ಪಕ್ಕದ ಮನೆಯವರು. ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು.

ದೊರೆಸಾನಿ ಕೆಳಗಿನ ಹಲಗೆಗೆ ಹಾರಿತು. ಸ್ವಲ್ಪ ಅಲುಗಾಡಿತು, ನಿಂತಿತು. ಎರಡನೆಯದಕ್ಕೆ ಹಾರಿತು. ಅಲ್ಲಿಂದ ಬೀರುವಿನ ತಲೆ. ಸಭೆ ಉಸಿರು ಬಿಗಿಹಿಡಿದಿತ್ತು. ಬಾಗಿಲ ಮೇಲಿನ ಉದ್ದ ಪಟ್ಟಿಗೆ ಹಾರಿದ ಬೆಕ್ಕು ನಿಲ್ಲಬೇಕಾದ ಕಡೆ ನಿಲ್ಲಲಿಲ್ಲ. ಮುಂಗಾಲು ಚಾಚಿ, ಮುಖದಲ್ಲಿ ಅಪಾರ ಆಶ್ಚರ್ಯ ಹೊತ್ತು, ಕೂತ ಭಂಗಿಯಲ್ಲೇ ಪಟ್ಟಿಯುದ್ದಕ್ಕೂ ಜಾರಿ, ಆ ತುದಿಯಿಂದ ಹೊಲಿಗೆ ಯಂತ್ರದ ಮೇಲೆ, ಅಲ್ಲಿಂದ ಪ್ಯಾಂಟುಗಳ ರಾಶಿಯ ಮೇಲೆ, ಅಲ್ಲಿಂದ ಮಂಚದ ಕೆಳಗೆ. ಕೂಸು ಕೇಕೆ ಹಾಕಿ ನಕ್ಕಿತು. ಬೇರೆ ಯಾರೂ ನಗಲಿಲ್ಲ.

ಬೆಕ್ಕು ಜಾರುವಾಗ ಉಗುರು ಹಿಡಿತ ಸಿಗದೆ ಎಳೆದ ಸದ್ದು ಕನ್ನಡಿಗೆ ಕೇಳಿಸಿತ್ತು. ಪಟ್ಟಿಯ ಮೇಲೆ ಮೂಡಿದ ಬಿಳಿ ಗೀರುಗಳೂ ಕಂಡವು. ಆ ಕ್ಷಣಕ್ಕೆ ಅವನಿಗೆ ಎಲ್ಲವೂ ತಿಳಿಯಿತು. ಮೊದಲು ಕರುಳು ಚುರುಕ್ ಎಂದದ್ದು ಗೀರುಗಳಿಗಾಗಿ, ಬೆಕ್ಕಿಗಾಗಿ ಅಲ್ಲ. ಅದೂ ಅವನಿಗೆ ತಿಳಿಯಿತು. ಎಲ್ಲರ ಕಣ್ಣೂ ಈಗ ಗೋಡೆ ಬಿಟ್ಟು ಅವನ ಮೇಲಿತ್ತು. ಬಡಗಿ ಮಾತ್ರ ತನ್ನ ಸುತ್ತಿಗೆಯನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದ.

ಕನ್ನಡಿ ಗಂಟಲು ಸರಿಮಾಡಿಕೊಂಡ. "ವಯಸ್ಸಾಯ್ತಲ್ಲ ಅಕ್ಕ ಅದಕ್ಕೆ" ಎಂದ. "ಹಿಂಗಾಲು ಸೋತಿದೆ. ಹಾರುವಾಗ್ಲೇ ನೋಡ್ದೆ ನಾನು."

ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುತ್ತಾರೆ. ಇಲ್ಲಿ ಬಿದ್ದದ್ದು ಬೆಕ್ಕು, ಮೀಸೆ ಉಳಿಸಿಕೊಂಡದ್ದು ಇವನು.

ಮೆಟ್ಟಿಲಿಳಿಯುವಾಗ ಬಡಗಿ ಹೇಳಿದ: "ಕುಣಿಯೋಕೆ ಬಾರದವಳು ನೆಲ ಡೊಂಕು ಅಂದ್ಲಂತೆ. ನೆಲ ಡೊಂಕು ಮಾಡಿಟ್ಟು ಕುಣಿಯೋಳಿಗೆ ಕಾಲಿಲ್ಲ ಅಂದೋನನ್ನ ಇವತ್ತೇ ನೋಡಿದ್ದು."

"ಯಾರಿಗಾದ್ರೂ ಹೇಳಿದ್ರೆ ನೋಡು."

"ನಾನ್ಯಾಕೆ ಹೇಳ್ಲಿ. ನೀನೇ ಹೇಳ್ತೀಯ."

ಅವನು ಹೇಳಲಿಲ್ಲ. ಮರುದಿನ ಸಂಜೆ ಅಕ್ಕನ ಮನೆಗೆ ಹೋದ. ಹೇಳಬೇಕೆಂದೇ ಹೋದದ್ದು, ಪಾಪ. ಅಕ್ಕ ನೆಲದ ಮೇಲೆ ಕೂತು ದೊರೆಸಾನಿಯ ಹಿಂಗಾಲುಗಳಿಗೆ ಬೆಚ್ಚಗಿನ ಎಣ್ಣೆ ತಿಕ್ಕುತ್ತಿದ್ದಳು. ಉಕ್ಕಿನಂಥ ಎರಡು ಕಾಲುಗಳನ್ನು ಚಾಚಿಕೊಂಡು ಬೆಕ್ಕು ತನಗೆ ಏನಾಗಿದೆಯೆಂದು ತಾನೇ ಯೋಚಿಸುತ್ತಿದ್ದಂತಿತ್ತು. ಅದು ಮತ್ತೆ ಹಾರಿ ಬೀಳದಿರಲೆಂದು ಕೆಳಗಿನ ಹಲಗೆಗೆ ಇಸ್ತ್ರಿಯ ಮಣೆ ಅಡ್ಡ ಇಟ್ಟಿದ್ದಳು.

"ನೀನು ಹೇಳದೇ ಇದ್ದಿದ್ರೆ ನಂಗೆ ಗೊತ್ತೇ ಆಗ್ತಿರ್ಲಿಲ್ಲ ಕಣೋ" ಎಂದಳು ಅಕ್ಕ. "ಜೊತೇಲೇ ಇರ್ತೀನಿ, ಕಾಲು ಸೋತಿದ್ದು ಕಾಣಲಿಲ್ಲ ನೋಡು. ಆ ಎತ್ತರಕ್ಕೆ ಹತ್ತು ಅಂದೆನಲ್ಲ ಇದನ್ನ. ನಾಚಿಕೆ ಆಗುತ್ತೆ ನಂಗೆ."

ಕನ್ನಡಿಯ ಬಾಯಿ ತೆರೆಯಿತು. ಅಷ್ಟರೊಳಗೆ ಅಕ್ಕ ಬಿಸ್ಕತ್ತು ಬೇಕೇ ಎಂದು ಕೇಳಿದಳು. ಅವನು ಟೀ ಕುಡಿದ, ಬಿಸ್ಕತ್ತು ತಿಂದ, ಎದ್ದು ಬಂದ. ಅಂಗಡಿಗೆ ಬಂದು ತಾನೇ ಹೊಳಪು ಕೊಟ್ಟ ಯಾರದೋ ಮೇಜಿನ ಮುಂದೆ ನಿಂತವನು, ಅದರಲ್ಲಿ ತನ್ನ ಮುಖ ಇಷ್ಟು ಸ್ಪಷ್ಟವಾಗಿ ಕಾಣದಿದ್ದರೆ ಚೆನ್ನಾಗಿತ್ತು ಎಂದುಕೊಂಡನಂತೆ. ಆ ವಾರವೆಲ್ಲ ಅಂಗಡಿಯಲ್ಲಿ ಯಾರು ಸೀನಿದರೂ ಬೈಯಲಿಲ್ಲ. ಬಡಗಿ ಬೇಕೆಂದೇ ಎರಡು ಸಲ ಸೀನಿ ನೋಡಿದ.

ಮಗಳ ರಜೆ ಮುಗಿಯುತ್ತ ಬಂತು. ಹತ್ತಲು ದಾರಿಯಿಲ್ಲದ ಬೆಕ್ಕು ಮತ್ತೆ ತೊಟ್ಟಿಲು ಹಿಡಿಯಿತು. ಕೊನೆಯ ಭಾನುವಾರ ಬೆಳಿಗ್ಗೆ ಗಿರಣಿಯಾಕೆ ಮುಚ್ಚಳದ ಬುಟ್ಟಿ ಹಿಡಿದು ಬಂದಳು. ಕನ್ನಡಿಯೂ ಬಂದಿದ್ದ, ಅಕ್ಕ ಒಬ್ಬಳೇ ಅಳಬಾರದೆಂದು ಮಗಳೇ ಹೇಳಿಕಳುಹಿಸಿದ್ದಳು. ಬೆಕ್ಕಿನ ಊಟದ ತಟ್ಟೆ, ಅದು ಮಲಗುವ ಹಳೆಯ ಶಾಲು, ಎಣ್ಣೆಯ ಸೀಸೆ, ಎಲ್ಲವನ್ನೂ ಅಕ್ಕ ಒಂದು ಚೀಲಕ್ಕೆ ತುಂಬಿಟ್ಟಿದ್ದಳು.

"ಎಣ್ಣೆ ಯಾಕಕ್ಕ?" ಎಂದಳು ಗಿರಣಿಯಾಕೆ.

ಅಕ್ಕನಿಗೆ ಮುಚ್ಚಿಟ್ಟು ಗೊತ್ತಿಲ್ಲ. "ಹಿಂಗಾಲು ಸೋತಿದೆಯಮ್ಮ. ದಿನಾ ತಿಕ್ಕಬೇಕು. ನನ್ನ ತಮ್ಮ ಹೇಳಿದ್ದಾನೆ."

ಗಿರಣಿಯಾಕೆ ಬುಟ್ಟಿಯನ್ನು ಕೆಳಗಿಟ್ಟಳು. "ನೋಡಕ್ಕ, ಬೇಜಾರು ಮಾಡ್ಕೋಬೇಡ. ನಂಗೆ ಬೇಕಾಗಿರೋದು ಇಲಿ ಹಿಡಿಯೋ ಬೆಕ್ಕು. ಇಲಿಗಳಿಗೆ ಕಥೆ ಹೇಳ್ಕೊಂಡು ಕೂರೋ ಬೆಕ್ಕಲ್ಲ."

"ಮತ್ತೆ?" ಎಂದಳು ಅಕ್ಕ, ಮಗಳ ಕಡೆ ತಿರುಗಿ.

ಮಗಳು ಫೋನು ತೆಗೆದಳು. "ಊರಾಚೆ ಪ್ರಾಣಿಗಳನ್ನ ಇಟ್ಕೊಳ್ಳೋ ಜಾಗ ಇದೆಯಲ್ಲಮ್ಮ. ಮುದಿ ಬೆಕ್ಕುಗಳನ್ನೂ ತಗೋತಾರಂತೆ. ಗೂಡಲ್ಲಿ ಇಡ್ತಾರೆ, ಆದ್ರೆ ಚೆನ್ನಾಗಿ ನೋಡ್ಕೋತಾರೆ." ಅವಳಿಗೂ ಸಂತೋಷವಿರಲಿಲ್ಲ. ಆ ಕಡೆ ಫೋನು ರಿಂಗಾಗುವುದು ಕೋಣೆಗೆಲ್ಲ ಕೇಳಿಸಿತು.

ಕನ್ನಡಿ ಎದ್ದ. ಯುದ್ಧಕ್ಕೆ ಹೊರಟ ವೀರನಂತೆ ಎಂದು ಬರೆಯಲು ಕೈ ತುರಿಸುತ್ತದೆ. ನಿಜಕ್ಕೂ ಅವನು ಎದ್ದದ್ದು ಮೇಷ್ಟ್ರು ಕರೆದ ಹುಡುಗನಂತೆ. ಸ್ಟೂಲು ಎಳೆದು ಹತ್ತಿದ. ಜೇಬಿನಿಂದ ಖಾಲಿ ಬೆಂಕಿಪೊಟ್ಟಣ ತೆಗೆದು ಬಾಗಿಲ ಮೇಲಿನ ಪಟ್ಟಿಯ ತುದಿಗೆ ಇಟ್ಟು, ಮೆಲ್ಲಗೆ ಊದಿದ. ಪೊಟ್ಟಣ ಸುಯ್ಯೆಂದು ಪಟ್ಟಿಯುದ್ದಕ್ಕೂ ಜಾರಿ, ಬೆಕ್ಕು ಬಿದ್ದ ಜಾಗದಲ್ಲೇ, ಹೊಲಿಗೆ ಯಂತ್ರದ ಮೇಲೆ ಬಿದ್ದಿತು.

"ಇದಕ್ಕೂ ವಯಸ್ಸಾಯ್ತಾ ಮಾವ?" ಎಂದಳು ಮಗಳು. ಅವಳಿಗೆ ಆಗಲೇ ಅರ್ಥವಾಗಿತ್ತು.

"ಬೆಕ್ಕಿನ ಕಾಲು ಸರಿ ಇದೆ" ಎಂದ ಅವನು ಗೋಡೆಗೆ ಮುಖ ಮಾಡಿಕೊಂಡೇ. "ಪಾಲಿಶ್ ಜಾಸ್ತಿಯಾಯ್ತು. ಅವತ್ತೇ ಗೊತ್ತಿತ್ತು ನಂಗೆ."

ಮಗಳು ಫೋನು ಇಟ್ಟಳು. ಅಕ್ಕ ಕೈಯಲ್ಲಿದ್ದ ಎಣ್ಣೆಯ ಸೀಸೆಯನ್ನು ನೋಡಿದಳು, ಬೆಕ್ಕಿನ ಕಾಲು ನೋಡಿದಳು, ತಮ್ಮನ ಬೆನ್ನು ನೋಡಿದಳು. ಬೈದಿದ್ದರೆ ಅವನು ಬದುಕಿಕೊಳ್ಳುತ್ತಿದ್ದ. ಅವಳು ಬೈಯಲಿಲ್ಲ. ಚೀಲದಿಂದ ತಟ್ಟೆ ತೆಗೆದು ಅದರ ಜಾಗದಲ್ಲಿ ಇಟ್ಟಳು, ಶಾಲು ಕೊಡವಿ ಮಡಿಸಿದಳು. ಇಷ್ಟನ್ನೂ ಅವನು ಅಲ್ಲಿ ಇಲ್ಲವೇ ಇಲ್ಲ ಎನ್ನುವಂತೆ ಮಾಡಿದಳು.

ಅವನು ಅಂಗಡಿಗೆ ಓಡಿಹೋಗಿ ಅತ್ಯಂತ ಒರಟಾದ ಸ್ಯಾಂಡ್‌ಪೇಪರ್ ತಂದ. ಮಗಳು ಕೂಸನ್ನು ಪಕ್ಕದ ಮನೆಗೆ ಒಯ್ದಳು. ಅವನು ಸ್ಟೂಲಿನ ಮೇಲೆ ಜಾರದಂತೆ ಕಾಲೂರಿ ನಿಂತು, ತನ್ನ ಜನ್ಮದ ಅತ್ಯುತ್ತಮ ಪಾಲಿಶನ್ನು ತಾನೇ ಉಜ್ಜಿ ತೆಗೆಯತೊಡಗಿದ. ಗಿರಣಿಯಾಕೆ ಮಂಚದ ಮೇಲೆ ಕಾಲು ಮಡಚಿ ಕೂತು ನೋಡಿದಳು. ಗಿರಣಿ ಬಿಟ್ಟು ಬೇರೆಲ್ಲೋ ಹಿಟ್ಟು ಹಾರುವುದನ್ನು ಅವಳು ಕಂಡಿದ್ದು ಅದೇ ಮೊದಲು. "ಕೋಟೆ ಕೊಳ್ಳೆ ಹೋದ್ಮೇಲೆ ದಿಡ್ಡಿ ಬಾಗಿಲು ಹಾಕ್ತಿದ್ದೀಯಲ್ಲಣ್ಣ" ಎಂದಳು. "ಆ ಕಡೆ ಮೂಲೆ ಬಿಟ್ಟೆ ನೋಡು, ಇನ್ನೂ ಮಿಂಚ್ತಿದೆ." ಅವನು ಆ ಮೂಲೆಯನ್ನೂ ಉಜ್ಜಿದ. ಕೂದಲೆಲ್ಲ ಧೂಳಾಗಿ ಒಂದೇ ಬೆಳಿಗ್ಗೆಯಲ್ಲಿ ಮುದುಕನಾದ.

ಉಜ್ಜಿದರೂ ಮರದೊಳಗೆ ಹೊಕ್ಕ ಮೇಣ ಪೂರ್ತಿ ಬಿಡಲಿಲ್ಲ. ಆಗ ಅಕ್ಕ ಯಂತ್ರದ ಬಳಿ ಕೂತಳು. ಗಿರಾಕಿಗಳ ಪ್ಯಾಂಟುಗಳಿಂದ ಕತ್ತರಿಸಿದ ಗೇಣುದ್ದದ ತುಂಡುಗಳು ಅವಳ ಬಳಿ ಚೀಲಗಟ್ಟಲೆ ಬಿದ್ದಿದ್ದವು. ದಪ್ಪನೆಯವನ್ನೆಲ್ಲ ಆರಿಸಿ, ಒಂದಕ್ಕೊಂದು ಕೂಡಿಸಿ, ಹಲಗೆಗಳಿಗೆ ದಿಂಬಿನ ಚೀಲದಂತೆ ಬಿಗಿಯಾದ ಹೊದಿಕೆ ಹೊಲಿದಳು. ಹೊಲಿದದ್ದನ್ನು ತಮ್ಮನ ಕೈಗೆ ಕೊಡಲಿಲ್ಲ, ಸ್ಟೂಲಿನ ಪಕ್ಕ ನೆಲದ ಮೇಲೆ ಇಟ್ಟಳು. ಅವನು ಇಳಿದು ತೆಗೆದುಕೊಂಡು, ಹತ್ತಿ, ತೊಡಿಸಿ, ಮತ್ತೆ ಇಳಿದ. ಕನ್ನಡಿಯ ಹಲಗೆಗಳೆಲ್ಲ ಪ್ಯಾಂಟು ತೊಟ್ಟು ನಿಂತವು.

ಇಸ್ತ್ರಿಯ ಮಣೆ ಸರಿಸಿದಾಗ ದೊರೆಸಾನಿ ಬಹಳ ಹೊತ್ತು ನಂಬಲಿಲ್ಲ. ಕೆಳಗಿನ ಹಲಗೆಯನ್ನು ಮೂಸಿತು. ಉಗುರು ಊರಿ ಎಳೆದು ನೋಡಿತು, ಬಟ್ಟೆ ಹಿಡಿದುಕೊಂಡಿತು. ಆಮೇಲೆ ಎಲ್ಲಿಯೂ ನಿಲ್ಲದೆ ಹಲಗೆ, ಬೀರು, ಬಾಗಿಲು ದಾಟಿ ಮೂಲೆಯ ಪೀಠಕ್ಕೆ ಹೋಗಿ, ಬೀದಿಗೆ ಮುಖ ಮಾಡಿ ಕೂತು, ಬಾಲವನ್ನು ಮಾತ್ರ ಈ ಕಡೆ ಇಳಿಬಿಟ್ಟಿತು. ತೊಟ್ಟಿಲು ಈಗ ಅದಕ್ಕೆ ಎಷ್ಟೋ ಕೆಳಗಿನ ಒಂದು ಬಡ ವಸ್ತು.

"ಇರ್ಲಿ ಬಿಡಮ್ಮ" ಎಂದಳು ಮಗಳು. ಗಿರಣಿಯಾಕೆ ಖಾಲಿ ಬುಟ್ಟಿ ಎತ್ತಿಕೊಂಡು ಹೊರಟಳು. ಕಥೆ ಅವಳ ಬಾಯಿಂದ ಬೀದಿಗೆ ಇಳಿಯಲು ಅವಳು ಮೆಟ್ಟಿಲಿಳಿಯುವಷ್ಟು ಹೊತ್ತೂ ಬೇಕಾಗಲಿಲ್ಲ.

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದಂತೆ. ಮೇಣಕ್ಕೆ ಹೋದದ್ದರ ಗತಿ ಏನೆಂದು ಗಾದೆ ಮಾಡಿದವರು ಯೋಚಿಸಿಲ್ಲ. ಸೈಕಲ್ ಅಂಗಡಿಯವನು ಯಾರು ಎಡವಿದರೂ "ವಯಸ್ಸಾಯ್ತಲ್ಲ ಅದಕ್ಕೆ" ಎನ್ನುತ್ತಿದ್ದ. ಪುಟ್ಟ ಮನೆಗಳಲ್ಲಿ ಬೆಕ್ಕು ಸಾಕಿದವರು ಇಂಥದೇ ಹಾದಿ ಮಾಡಿಕೊಡೆಂದು ಹುಡುಕಿಕೊಂಡು ಬಂದರು. ಕನ್ನಡಿ ಅವರನ್ನೆಲ್ಲ ಬಡಗಿಯ ಅಂಗಡಿಗೆ ಕಳಿಸಿ, ತಾನು ಒಳಗೆ ಹೋಗಿ ಕೂತ. ಇದೆಲ್ಲವನ್ನೂ ಅವನು ನುಂಗಿಕೊಂಡ. ನುಂಗಲಾಗದ್ದು ಅಕ್ಕನ ಮೌನ. ಅವನು ಹೋದರೆ ಟೀ ಬರುತ್ತಿತ್ತು, ಮಾತು ಬರುತ್ತಿರಲಿಲ್ಲ. ಏನೋ ತಕರಾರಿನಲ್ಲಿ ಪಕ್ಕದ ಮನೆಯವರೊಡನೆ "ನನ್ನ ತಮ್ಮ ಹೇಳಿದ್ದಾನೆ" ಎಂದು ಶುರುಮಾಡಿದವಳು ಅರ್ಧಕ್ಕೇ ನಿಲ್ಲಿಸಿದ್ದನ್ನು ಅವನು ಹೊಸಿಲಲ್ಲಿ ನಿಂತು ಕೇಳಿಸಿಕೊಂಡ. ಅಂದು ಒಳಗೆ ಹೋಗದೆ ವಾಪಸು ಬಂದ.

ಒಂದು ಮಧ್ಯಾಹ್ನ ಅಕ್ಕನೇ ಅಂಗಡಿಗೆ ಬಂದಳು. ಆ ಧೂಳಿಲ್ಲದ ಕೋಣೆಗೆ ಅವಳು ಬಂದು ಎಷ್ಟು ಕಾಲವಾಗಿತ್ತೋ. ಕೂರಲಿಲ್ಲ. ಪಕ್ಕದಲ್ಲಿ ಬಡಗಿಯ ಗರಗಸ ನಿಂತಿತು. ಅವನು ಕೇಳಿಸಿಕೊಳ್ಳುತ್ತಿದ್ದಾನೆಂದು ಇಬ್ಬರಿಗೂ ಗೊತ್ತಾಯಿತು.

"ಹಲಗೆ ಜಾರಿದ್ದಕ್ಕೆ ನಂಗೆ ಏನೂ ಇಲ್ಲ" ಎಂದಳು ಅಕ್ಕ. "ಯಾರ ಕೈಯಲ್ಲೂ ಆಗುತ್ತೆ. ಆದ್ರೆ ನಾನು ಅಷ್ಟು ದಿನ ಅದಕ್ಕೆ ಎಣ್ಣೆ ತಿಕ್ತಾ ಕೂತಿದ್ದೆ. ನೀನು ನೋಡ್ಕೊಂಡು ಟೀ ಕುಡಿದು ಹೋದೆ. ಯಾಕೋ? ನಾನು ಬೈತೀನಿ ಅಂತಾನಾ? ಯಾವತ್ತು ಬೈದಿದ್ದೀನಿ ನಿನ್ನ? ಯಾಕೆ ಹಾಗೆ ಹೇಳ್ದೆ, ಅದೊಂದು ಹೇಳಿಬಿಡು."

ಬಡಗಿ ಇಂದಿಗೂ ಹೇಳುತ್ತಾನೆ, ತಾನು ಆಗ ಒಂದು ಮಹಾ ಭಾಷಣವನ್ನು ನಿರೀಕ್ಷಿಸಿದ್ದೆ ಎಂದು: ಕಲೆಯ ಗೌರವ, ಗುರುವಿನ ಹೆಸರು, ಕುಶಲಕರ್ಮಿಯ ಆತ್ಮಾಭಿಮಾನ, ಹೀಗೆ ಏನಾದರೂ. ಕನ್ನಡಿ ಪಾಲಿಶ್ ಹೊಡೆಯುವ ಬಟ್ಟೆಯ ಉಂಡೆಯನ್ನು ಡಬ್ಬಿಯ ಮೇಲಿಟ್ಟ. ಕೈ ಒರೆಸಿಕೊಂಡ. ಒರೆಸಿಕೊಂಡದ್ದನ್ನೇ ಇನ್ನೊಮ್ಮೆ ಒರೆಸಿಕೊಂಡ.

"ಎಲ್ರೂ ನೋಡ್ತಿದ್ರಲ್ಲ, ಅಕ್ಕ."